ನೀಲಿ ಕ್ಯಾಸೆಟ್ಟಿನ ಕೊನೆಯ ಹಾಡು

ನಮ್ಮ ಅತ್ತಿಗೆಯ ಬಗ್ಗೆ ಬರೆಯಬೇಕಾದರೆ ಮೊದಲು ಅಣ್ಣನನ್ನು ಸ್ವಲ್ಪ ಪಕ್ಕಕ್ಕೆ ಸರಿಸಬೇಕು. ಅದು ಸುಲಭದ ಕೆಲಸವಲ್ಲ. ಎಲ್ಲಿ ಹೋದರೂ ಅವನೇ ಮುಂದೆ ನಿಲ್ಲುತ್ತಾನೆ. ಅವರ ಮದುವೆಯ ಫೋಟೋದಲ್ಲಿ ಅತ್ತಿಗೆಯ ಮುಖದ ಅರ್ಧ ಭಾಗ ಅವನ ಭುಜದ ಹಿಂದಿದೆ. ಉಳಿದ ಅರ್ಧವನ್ನು ನೋಡಿಯೇ ನಮ್ಮ ನೆಂಟರು ‘ಹುಡುಗಿ ಲಕ್ಷಣವಾಗಿದ್ದಾಳೆ’ ಎಂದು ಹೇಳಿದ್ದು.

ಅವರದು ಕ್ಯಾಸೆಟ್ ಅಂಗಡಿ. ಈಗ ಅಲ್ಲಿ ಮೊಬೈಲಿನ ಕವರು, ಚಾರ್ಜರು ಮಾರುತ್ತಾರೆ, ಜೆರಾಕ್ಸ್ ತೆಗೆದುಕೊಡುತ್ತಾರೆ. ಆದರೂ ಊರಿನವರ ಬಾಯಲ್ಲಿ ಅದು ಕ್ಯಾಸೆಟ್ ಅಂಗಡಿಯೇ. ಮುಂದೆ ಗಾಜಿನ ಕೌಂಟರು, ಅದರ ಹಿಂದೆ ತಿರುಗುವ ಕುರ್ಚಿ, ಕುರ್ಚಿಯ ಹಿಂದೆ ಹಸಿರು ಪರದೆ. ಕುರ್ಚಿ ಅಣ್ಣನದು. ಪರದೆಯ ಹಿಂದಿನ ಕಿಟಕಿಯಿಲ್ಲದ ಕೋಣೆ ಅತ್ತಿಗೆಯದು. ಮಹಡಿಯ ಮೇಲೆ ನಾನು ಬಟ್ಟೆ ಹೊಲಿಯುತ್ತೇನೆ. ನನ್ನ ಮಿಷಿನ್ನು ನಿಂತಾಗಲೆಲ್ಲ ಕೆಳಗಿನ ಮಾತು ಕೇಳಿಸುತ್ತದೆ, ಕೇಳಿಸಿದ್ದಕ್ಕೆಲ್ಲ ನಾನು ಮೂಗು ತೂರಿಸುತ್ತೇನೆ. ಮದುವೆಯಾಗದ ನಾದಿನಿಗೆ ಅಷ್ಟಾದರೂ ಹಕ್ಕು ಬೇಡವೇ?

ಆ ಕಾಲದಲ್ಲಿ ಜನ ಖಾಲಿ ಕ್ಯಾಸೆಟ್ ತಂದುಕೊಟ್ಟು ತಮಗೆ ಬೇಕಾದ ಹಾಡು ತುಂಬಿಸಿಕೊಂಡು ಹೋಗುತ್ತಿದ್ದರು. ಅದು ಸರಿಯೋ ತಪ್ಪೋ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಏಕೆಂದರೆ ಕಂಪನಿಯ ಕ್ಯಾಸೆಟ್ ನಮ್ಮ ಕಡೆಗೆ ಬರುತ್ತಿದ್ದುದೇ ಅಪರೂಪ. ತುಂಬಿಸುವ ಕೆಲಸ ಪೂರ್ತಿ ಅತ್ತಿಗೆಯದು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಟೇಪ್ ಉಜ್ಜುವ ಜಾಗವನ್ನು ಒರೆಸುವುದು, ಸಿಕ್ಕಾದ ಟೇಪನ್ನು ಪೆನ್ಸಿಲ್ ತೂರಿಸಿ ಸುತ್ತುವುದು, ಹಾಡುವ ಡೆಕ್ಕು, ತುಂಬಿಸಿಕೊಳ್ಳುವ ಡೆಕ್ಕು ಎರಡರ ಗುಂಡಿಯನ್ನೂ ಉಸಿರು ಬಿಗಿಹಿಡಿದು ಒಟ್ಟಿಗೆ ಒತ್ತುವುದು, ಆಮೇಲೆ ಹಾಡು ಮುಗಿಯುವವರೆಗೆ ಅಲ್ಲೇ ಕಾಯುವುದು. ಅಣ್ಣನ ಕೆಲಸ ಕುರ್ಚಿಯಲ್ಲಿ ಕೂತು ಮಾತಾಡುವುದು. ತನ್ನ ಕಿವಿಯಂಥ ಕಿವಿ ಸುತ್ತಮುತ್ತ ಯಾರಿಗೂ ಇಲ್ಲವೆಂದು ಅವನು ನಂಬಿದ್ದ, ಊರನ್ನೂ ನಂಬಿಸಿದ್ದ. ಎಲ್ಲರೂ ಅವನನ್ನು ಕಿವಿರಾಯ ಎನ್ನುತ್ತಿದ್ದರು. ಅಂಗಡಿಯ ಬೋರ್ಡಿನ ಕೆಳಗೆ ‘ಮೂಲದಷ್ಟೇ ಶುದ್ಧ’ ಎಂದು ಕೆಂಪಕ್ಷರದಲ್ಲಿ ಬರೆಸಿದವನೂ ಅವನೇ. ಇಂಥವನು ಒಂದು ಹಾಡನ್ನಾದರೂ ಬಾಯಿ ಮುಚ್ಚಿಕೊಂಡು ಕೇಳಿದ್ದನ್ನು ನಾನು ಕಂಡಿಲ್ಲ. “ಈಗ ಬರುತ್ತೆ ನೋಡಿ, ಈಗ, ಈಗ... ಬಂತಾ?” ಎನ್ನುವನು. ಬಂದದ್ದು ಅವನ ದನಿಯ ಅಡಿಯಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ.

ಅಂಗಡಿಗೆ ಹೆಸರು ತಂದದ್ದು ಒಂದೇ ಒಂದು ಆಲ್ಬಂ. ಒಬ್ಬ ಹಾಡುಗಾರ್ತಿ ತನ್ನ ಎಳೆ ವಯಸ್ಸಿನಲ್ಲಿ ಹಾಡಿದ ಒಂಬತ್ತು ಹಾಡು. ಮುಖಪುಟದ ಕಾಗದ ನೀಲಿಯಾಗಿದ್ದರಿಂದ ನಮ್ಮೂರಿಗೆ ಅದು ನೀಲಿ ಕ್ಯಾಸೆಟ್. ಅದನ್ನು ತಂದ ಕಂಪನಿ ಬೇಗನೆ ಬಾಗಿಲು ಹಾಕಿತು, ಮತ್ತೆ ಅಚ್ಚಾಗಲಿಲ್ಲ. ಅಂಗಡಿಯಲ್ಲಿದ್ದ ಒಂದೇ ಒಂದು ಕಂಪನಿ ಕ್ಯಾಸೆಟ್ಟಿನಿಂದ ಅತ್ತಿಗೆ ಊರಿಗೆಲ್ಲ, ಪಕ್ಕದ ಊರುಗಳಿಗೆಲ್ಲ ತುಂಬಿಸಿಕೊಟ್ಟರು. ಹಲ್ಲಿನ ಡಾಕ್ಟರು ಅದನ್ನು ಹಾಕಿಕೊಂಡೇ ಹಲ್ಲು ಕೀಳುತ್ತಿದ್ದರು. ಡ್ಯಾನ್ಸ್ ಟೀಚರು ಅದಕ್ಕೇ ಹೆಜ್ಜೆ ಕಟ್ಟಿ ಒಂದು ತಲೆಮಾರಿನ ಮಕ್ಕಳನ್ನು ಕುಣಿಸಿದರು. ಯಾವಾಗಲಾದರೊಮ್ಮೆ ರೇಡಿಯೋದಲ್ಲಿ ಅದರ ಹಾಡು ಬಂದರೆ ಅಣ್ಣ ಮುಖ ಸಿಂಡರಿಸಿ, “ಇವರ ಮಿಷಿನ್ನಿಗೆ ಮುಪ್ಪು ಬಂದಿದೆ, ನಿಧಾನ ಓಡುತ್ತೆ” ಎನ್ನುತ್ತಿದ್ದ. ಊರೇ ಹೌದೆನ್ನುತ್ತಿತ್ತು.

ಆ ನೀಲಿ ಕ್ಯಾಸೆಟ್ ಈ ವರ್ಷ ಮತ್ತೆ ಬಂತು. ಯಾವುದೋ ಹೊಸ ಕಂಪನಿಯವರು ಹಾಡುಗಾರ್ತಿಯ ಹತ್ತಿರವೇ ಉಳಿದಿದ್ದ ಮೊದಲ ಧ್ವನಿಮುದ್ರಣವನ್ನು ಹುಡುಕಿ ತೆಗೆದು, ಗೊರಗೊರ ಸದ್ದೆಲ್ಲ ತೆಗೆದು, ರೀಮಾಸ್ಟರ್ ಮಾಡಿ ಬಿಟ್ಟಿದ್ದರು. ಆ ದಿನ ಸಂಜೆ ಅಭಿಮಾನಿಗಳೆಲ್ಲ ನಮ್ಮ ಅಂಗಡಿಯಲ್ಲಿ ಸೇರಿದರು. ಅಣ್ಣ ಎರಡು ದೊಡ್ಡ ಸ್ಪೀಕರು ಹೊರಗಿಟ್ಟ. ನಾನೂ ಹೊಲಿಗೆ ಬಿಟ್ಟು ಮೆಟ್ಟಿಲ ಮೇಲೆ ಕೂತೆ.

ಮೊದಲ ಸಾಲಿಗೇ ಎಲ್ಲರ ಮುಖ ಕಪ್ಪಿಟ್ಟಿತು. ಸದ್ದು ಕನ್ನಡಿಯಷ್ಟು ಸ್ವಚ್ಛವಾಗಿತ್ತು, ಆದರೆ ದನಿ ನಮ್ಮದಲ್ಲ. ತಗ್ಗಿದ, ಭಾರವಾದ, ಯಾವುದಕ್ಕೂ ಅವಸರವಿಲ್ಲದ ಹೆಂಗಸಿನ ದನಿ. ನಾವು ಕೇಳಿ ಬೆಳೆದದ್ದು ಚಿಗುರಿನಂಥ, ಮೇಲೆ ಮೇಲೆ ಹಾರುವ ಹುಡುಗಿಯ ದನಿ.

“ಯಾರ್ರೀ ಇದು?” ಎಂದರು ಹಲ್ಲಿನ ಡಾಕ್ಟರು.

“ನನ್ನ ಮಕ್ಕಳ ಹೆಜ್ಜೆ ಕೂಡೋದೇ ಇಲ್ವಲ್ಲ,” ಎಂದು ಡ್ಯಾನ್ಸ್ ಟೀಚರು ಅಳುವುದಕ್ಕೇ ಶುರುಮಾಡಿದರು. “ಕಾಲು ಎತ್ತಿ ಇಡೋ ಹೊತ್ತಿಗೆ ನಿದ್ದೆ ಬರುತ್ತೆ.”

ಎಲ್ಲರೂ ಅಣ್ಣನ ಕಡೆ ತಿರುಗಿದರು. ಅವನು ಕಿವಿಯ ತುದಿ ಎಳೆದುಕೊಳ್ಳುತ್ತ ಕಣ್ಣು ಮುಚ್ಚಿದ. ಕಣ್ಣು ಬಿಟ್ಟು, “ಹಾಳುಮಾಡಿದಾರೆ,” ಎಂದ. ಅಲ್ಲಿಂದ ಶುರುವಾಯಿತು. ಊರಿನ ವಾಟ್ಸಾಪ್ ಗುಂಪಿನಲ್ಲಿ ಬೈಗುಳದ ಸುರಿಮಳೆ. ಕಂಪನಿಗೆ ಬೈದರು, ಕಂಪ್ಯೂಟರಿಗೆ ಬೈದರು, ಕಾಲಕ್ಕೇ ಬೈದರು. ಇದೇ ಹೊತ್ತಿಗೆ ಸುದ್ದಿ ಬಂತು: ಭಾನುವಾರ ಮಧ್ಯಾಹ್ನ ಲೈಬ್ರರಿಯ ಮೇಲಿನ ಹಾಲಿನಲ್ಲಿ ಆಲ್ಬಂ ಕೇಳಿಸುವ ಕಾರ್ಯಕ್ರಮ, ಹಾಡುಗಾರ್ತಿಯೇ ಬರುತ್ತಾರೆ. ಬಿಟ್ಟಾರೆಯೇ? ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ವೇದಿಕೆಯ ಮೇಲೆ ರಾಶಿ ಹಾಕಿ ಉತ್ತರ ಕೇಳುವುದೆಂದು ಗೊತ್ತುಮಾಡಿಕೊಂಡರು. ಕೇಳುವವನು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ನನಗೆ ಒಂದು ವಿಚಿತ್ರ ಕಂಡಿತು. ಮಧ್ಯಾಹ್ನ ಗುಂಡಿ ಹಾಕುತ್ತ ಕೂತು ಫೋನಿನಲ್ಲಿ ಬೇರೆ ಊರಿನವರ ಮಾತು ಓದುತ್ತಿದ್ದೆ. ದೂರದವರೆಲ್ಲ ಸಂತೋಷಪಟ್ಟು ಬರೆದಿದ್ದರು. ಅದೇ ದನಿ, ಈಗ ಪಕ್ಕದಲ್ಲೇ ಕೂತು ಹಾಡಿದ ಹಾಗಿದೆ, ಎಂದು. ಬೈದವರೆಲ್ಲ ನಮ್ಮೂರಿನವರು, ಇಲ್ಲವೇ ಅಕ್ಕಪಕ್ಕದವರು. ಕೆಳಗಿಳಿದು ಪರದೆ ಸರಿಸಿ ಅತ್ತಿಗೆಗೆ ಇದನ್ನು ಹೇಳಿದೆ. ಅವರು ಜೆರಾಕ್ಸ್ ಕಾಗದದ ಕಟ್ಟು ಬಿಚ್ಚುತ್ತಿದ್ದರು. ಕೈ ಹಾಗೆಯೇ ನಿಂತುಹೋಯಿತು.

“ಏನಾಯ್ತು ಅತ್ತಿಗೆ?”

“ಬಾಗಿಲು ಹಾಕ್ಕೊಂಡು ಬಾ,” ಎಂದರು. ಆ ಕೋಣೆಗೆ ಬಾಗಿಲೇ ಇಲ್ಲ, ಇರುವುದು ಪರದೆ. ಅಷ್ಟು ಗಾಬರಿಯಾಗಿದ್ದರು.

ಅವರು ಹೇಳಿದ್ದು ಇಷ್ಟು. ಕಂಪನಿಯ ನೀಲಿ ಕ್ಯಾಸೆಟ್ ಸ್ವಲ್ಪ ಉದ್ದ. ಊರಿನಲ್ಲಿ ಸಿಗುತ್ತಿದ್ದ ಖಾಲಿ ಕ್ಯಾಸೆಟ್ ಅದಕ್ಕಿಂತ ಗಿಡ್ಡ. ತುಂಬಿಸಿದರೆ ಕೊನೆಯ ಹಾಡು ಅರ್ಧಕ್ಕೇ ಕಡಿದುಹೋಗುತ್ತಿತ್ತು. ಉದ್ದದ ಖಾಲಿ ಕ್ಯಾಸೆಟ್ಟಿನ ಟೇಪು ತೀರಾ ತೆಳು, ಒಂದೆರಡು ಸಲ ಹಾಕುವಷ್ಟರಲ್ಲಿ ಸುತ್ತಿಕೊಂಡು ಹಾಳಾಗುತ್ತಿತ್ತು. ಬೇರೆ ಕಡೆಯ ಅಂಗಡಿಯವರು ಹಾಡು ಕಡಿದರೆ ಕಡಿಯಲಿ ಎಂದು ಬಿಟ್ಟರು. ಅತ್ತಿಗೆಗೆ ಮನಸ್ಸು ಒಪ್ಪಲಿಲ್ಲ. ಕಂಪನಿ ಕ್ಯಾಸೆಟ್ ಹಾಕುವ ಡೆಕ್ಕಿನ ಮೋಟರಿನ ಹಿಂದೆ ಒಂದು ಸಣ್ಣ ತೂತು, ಅದರೊಳಗೆ ಒಂದು ಸ್ಕ್ರೂ. ಅದನ್ನು ಒಂದಿಷ್ಟು ತಿರುಗಿಸಿದರೆ ಟೇಪು ಜೋರಾಗಿ ಓಡುತ್ತದೆ, ಹಾಡು ಬೇಗ ಮುಗಿಯುತ್ತದೆ, ಖಾಲಿ ಕ್ಯಾಸೆಟ್ಟಿನಲ್ಲಿ ಪೂರ್ತಿ ಹಿಡಿಯುತ್ತದೆ. ಜೋರಾಗಿ ಓಡಿದರೆ ದನಿಯೂ ಮೇಲೇರುತ್ತದೆ, ಎಳೆಯದಾಗುತ್ತದೆ. ಆ ಡೆಕ್ಕನ್ನು ನೀಲಿ ಕ್ಯಾಸೆಟ್ಟಿಗೇ ಮೀಸಲಿಟ್ಟರು. ಸ್ಕ್ರೂ ಮತ್ತೆ ಹಿಂದಕ್ಕೆ ತಿರುಗಲೇ ಇಲ್ಲ.

“ಮೊದಮೊದಲು ವ್ಯತ್ಯಾಸ ಗೊತ್ತಾಗ್ತಿತ್ತು ಕಣೇ,” ಎಂದರು ಅತ್ತಿಗೆ. “ಆಮೇಲೆ ನಂಗೂ ಅದೇ ನಿಜ ಆಗಿಹೋಯ್ತು. ಮೊನ್ನೆ ಸ್ಪೀಕರಲ್ಲಿ ಕೇಳಿದಾಗ ಎದೆ ಧಸಕ್ ಅಂತು.”

“ಅಣ್ಣಂಗೆ ಗೊತ್ತಾ?”

“ಅವರಿಗೆ ಹೇಳಿದ್ರೆ ಬೋರ್ಡ್ ಏನಾಗ್ಬೇಕು?”

ನನಗೆ ನಗುವೂ ಬಂತು, ಸಿಟ್ಟೂ ಬಂತು. ಇಡೀ ಊರು ತಲೆಯ ಮೇಲೆ ಹೊತ್ತು ಮೆರೆಸಿದ ಕಿವಿ, ಪರದೆಯ ಹಿಂದೆ ತಿರುಗಿದ ಒಂದು ಸ್ಕ್ರೂವನ್ನು ಕೇಳಿಸಿಕೊಂಡಿರಲಿಲ್ಲ! ಆದರೆ ಅತ್ತಿಗೆಯ ಮುಖ ನೋಡಿ ನಗು ಒಳಗೇ ಉಳಿಯಿತು. ಆ ಮನೆಯಲ್ಲಿ ಆಸ್ತಿ ಎಂದು ಇದ್ದದ್ದು ಅಣ್ಣನ ಕಿವಿಗೆ ಸಿಕ್ಕ ಆ ಹೆಸರು ಮಾತ್ರ. ಅದು ಹೋದರೆ ಅವನು ಬೀದಿಯಲ್ಲಿ ತಲೆ ಎತ್ತಿ ನಡೆಯಲಾರ.

ಅಷ್ಟಕ್ಕೇ ನಿಂತಿದ್ದರೆ ಸುಮ್ಮನಿದ್ದುಬಿಡಬಹುದಿತ್ತು. ಶನಿವಾರ ಅಣ್ಣ ಹೊಸ ಮಾತು ಹೊರಡಿಸಿದ. ಇದು ಹಳೆಯ ದನಿಯೇ ಅಲ್ಲವಂತೆ. ಹಾಡುಗಾರ್ತಿ ಈಗ ಮುದುಕಿಯಾದ ಮೇಲೆ ಗುಟ್ಟಾಗಿ ಮತ್ತೆ ಹಾಡಿ, ಅದನ್ನೇ ಹಳೆಯದೆಂದು ಜನರಿಗೆ ಟೋಪಿ ಹಾಕಿದ್ದಾರಂತೆ. “ನನ್ನ ಕಿವಿ ಸುಳ್ಳು ಹೇಳಲ್ಲ,” ಎಂದ ಕೌಂಟರು ಗುದ್ದಿ. “ನಾಳೆ ಅವರ ಮುಖಕ್ಕೇ ಕೇಳ್ತೀನಿ. ಮೋಸ ಅಂತ ಎಲ್ಲರ ಮುಂದೆ ಹೇಳ್ತೀನಿ.” ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

ಪರದೆಯ ಹಿಂದೆ ಅತ್ತಿಗೆ ಎರಡೂ ಕೈಯಿಂದ ಮೇಜು ಹಿಡಿದುಕೊಂಡು ನಿಂತಿದ್ದರು. “ಅವರ ಮೇಲೆ ಮೋಸದ ಮಾತು ಬರಬಾರದು,” ಎಂದರು ಪಿಸುದನಿಯಲ್ಲಿ. “ಅವರು ಏನೂ ಮಾಡಿಲ್ಲ. ಮಾಡಿದ್ದು ನಾನು.”

“ಹಾಗಾದ್ರೆ ಹೇಳಿಬಿಡಿ. ಇಲ್ಲಾ ನಾನೇ ಹೇಳ್ತೀನಿ.”

“ನೀನು ಬಾಯಿ ಬಿಟ್ರೆ ನನ್ನಾಣೆ.”

ಊಟಕ್ಕೆ ಕೂತಾಗ ಅವರು ಹೇಳಲು ನೋಡಿದರು. “ರೀ, ಆ ನೀಲಿ ಕ್ಯಾಸೆಟ್ಟು...” ಎಂದರೆ ಸಾಕು, ಅವನು ನಾಳಿನ ಭಾಷಣ ಎತ್ತಿಕೊಳ್ಳುತ್ತಿದ್ದ. ಮತ್ತೆ “ರೀ” ಎಂದರು. “ಸ್ವಲ್ಪ ಇರೇ, ಒಳ್ಳೇ ಪಾಯಿಂಟ್ ಬಂದಿದೆ,” ಎಂದ. ತಟ್ಟೆ ತೆಗೆದು ಅವನ ತಲೆಗೆ ಬಡಿಯಬೇಕೆಂದು ನನಗೆ ಅನ್ನಿಸಿತು. ಅಂಥ ಅನ್ನಿಸಿಕೆ ನನಗೆ ಹೊಸದಲ್ಲ, ಅವತ್ತು ಮಾತ್ರ ಕೈ ನಿಜವಾಗಿಯೂ ತಟ್ಟೆಯ ಅಂಚಿಗೆ ಹೋಗಿತ್ತು.

ಭಾನುವಾರ ಬೆಳಿಗ್ಗೆ ಅಂಗಡಿ ತೆಗೆದಿರಲಿಲ್ಲ. ಅಣ್ಣ ಕುರ್ಚಿಯಲ್ಲಿ ಕೂತು ಗಡ್ಡ ಹೆರೆದುಕೊಳ್ಳುತ್ತಿದ್ದ, ಮುಖದ ತುಂಬ ನೊರೆ. ಬಾಯಿ ತೆರೆದರೆ ಸೋಪು ಒಳಗೆ ಹೋಗುತ್ತದೆಂದು ಅವನು ಸುಮ್ಮನಿರುತ್ತಿದ್ದುದು ದಿನಕ್ಕೆ ಆ ಒಂದೇ ಹೊತ್ತು. ಅತ್ತಿಗೆ ಅದನ್ನೇ ಕಾದಿದ್ದರೆಂದು ಆಮೇಲೆ ನನಗೆ ಹೊಳೆಯಿತು. ಹಳೆಯ ಡೆಕ್ಕನ್ನು ಎತ್ತಿ ತಂದು ಕೌಂಟರಿನ ಮೇಲಿಟ್ಟರು. ಕಂಪನಿಯ ನೀಲಿ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದರು.

ಬಂತು ನಮ್ಮ ದನಿ, ಚಿಗುರಿನಂಥದು. ಅಣ್ಣ ನೊರೆಯ ನಡುವೆ ಕಣ್ಣರಳಿಸಿ, ಇದೇ, ಇದೇ ಎಂಬಂತೆ ಕೈಯಾಡಿಸಿದ.

ಅತ್ತಿಗೆ ಸೆರಗಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದರು. ಡೆಕ್ಕಿನ ಹಿಂದಿನ ಮುಚ್ಚಳವನ್ನು ಮೊದಲೇ ಬಿಚ್ಚಿಟ್ಟಿದ್ದರು. ಹಾಡು ಓಡುತ್ತಿದ್ದ ಹಾಗೆಯೇ ಆ ತೂತಿನೊಳಗೆ ತೂರಿಸಿ ನಿಧಾನವಾಗಿ ತಿರುಗಿಸಿದರು. ಹುಡುಗಿಯ ದನಿ ಇಳಿಯುತ್ತ ಬಂತು, ತಗ್ಗಿತು, ಭಾರವಾಯಿತು. ಒಂದು ಸಾಲು ಮುಗಿಯುವಷ್ಟರಲ್ಲಿ ಹೊಸ ರೀಮಾಸ್ಟರಿನ ಹೆಂಗಸು ನಮ್ಮ ಕೌಂಟರಿನ ಮೇಲೆ ಹಾಡುತ್ತಿದ್ದಳು.

“ಕೊನೇ ಹಾಡು ಕಡಿದುಹೋಗ್ತಿತ್ತು,” ಎಂದರು ಅತ್ತಿಗೆ. “ಅದಕ್ಕೇ ತಿರುಗಿಸಿದೆ. ನಿಮಗೆ ಹೇಳಲಿಲ್ಲ. ಅವರು ಮೋಸ ಮಾಡಿಲ್ಲ ರೀ.”

ಅಣ್ಣನ ಕೈಯಲ್ಲಿ ಬ್ಲೇಡು ಹಾಗೆಯೇ ನಿಂತಿತ್ತು. ನೊರೆ ಒಣಗತೊಡಗಿತು. ಅವನು ಬೈಯುತ್ತಾನೆಂದು ಕಾದೆ, ಬೈಯಲಿಲ್ಲ. ಎದ್ದು ಹೋಗಿ ಅರ್ಧ ಹೆರೆದ ಗಡ್ಡವನ್ನು ತೊಳೆದುಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ನಮ್ಮಿಬ್ಬರ ಕಡೆ ನೋಡದೆ ಹೊರಟುಹೋದ. ಬೀದಿಯ ತಿರುವಿನಲ್ಲಿ ಹಲ್ಲಿನ ಡಾಕ್ಟರು ಕ್ಯಾಸೆಟ್ಟಿನ ಚೀಲ ಹಿಡಿದು ಕಾಯುತ್ತಿದ್ದರು. ಇಬ್ಬರೂ ಮಾತಾಡುತ್ತ ಮರೆಯಾದರು.

ಅವನು ಏನು ಮಾಡುತ್ತಾನೆ ಎಂಬುದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ನಿಜ ಗೊತ್ತಾದ ಮೇಲೂ ಮಾನ ಉಳಿಸಿಕೊಳ್ಳಲು ಆ ಮುದುಕಿಯ ಮೇಲೆ ಗೂಬೆ ಕೂರಿಸಬಹುದು. ಯಾರಿಗೆ ತಿಳಿಯುತ್ತದೆ? ಗೊತ್ತಿದ್ದವರು ಇಬ್ಬರೇ, ಇಬ್ಬರೂ ಮನೆಯವರು. ಅಣ್ಣ ಕೆಟ್ಟವನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಚಪ್ಪಾಳೆಯ ಮುಂದೆ ಅವನು ಎಂಥವನಾಗುತ್ತಾನೆ ಎಂಬುದನ್ನೂ ಕಂಡಿದ್ದೆ.

ಮಧ್ಯಾಹ್ನ ನಾವಿಬ್ಬರೂ ನಡೆದುಕೊಂಡೇ ಹೋದೆವು. “ಅವರು ಆ ಮಾತು ಆಡಿದ್ರೆ ನಾನು ಎದ್ದು ನಿಲ್ತೀನಿ,” ಎಂದರು ಅತ್ತಿಗೆ.

“ನಿಲ್ತೀರಾ?”

ಸ್ವಲ್ಪ ದೂರ ಹೋದಮೇಲೆ, “ಗೊತ್ತಿಲ್ಲ ಕಣೇ,” ಎಂದರು. ಅವರು ನನ್ನ ಕೈ ಹಿಡಿದುಕೊಂಡರು.

ಹಾಲ್ ತುಂಬಿ ಬಾಗಿಲವರೆಗೂ ಜನ ನಿಂತಿದ್ದರು. ವೇದಿಕೆಯ ಮೇಲೆ ಹಾಡುಗಾರ್ತಿ ಕೋಲು ಹಿಡಿದು ಕೂತಿದ್ದರು, ಸಣ್ಣ ಆಕೃತಿ, ಕತ್ತರಿಸಿದ ಬಿಳಿ ಕೂದಲು. ಕೆಳಗೆ ಕೆಲವರ ಕೈಯಲ್ಲಿ ಹೂವಿನ ಬದಲು ಕ್ಯಾಸೆಟ್ಟಿನ ಚೀಲಗಳನ್ನು ಕಂಡು ಅವರಿಗೆ ಏನೋ ಸರಿಯಿಲ್ಲ ಎನ್ನಿಸಿರಬೇಕು. ಕಂಪನಿಯವನು ಮೊದಲ ಹಾಡು ಹಾಕಿದ. ಗುಜುಗುಜು ಎದ್ದಿತು. ಎರಡನೆಯದಕ್ಕೆ ಯಾರೋ ಹಿಂದಿನಿಂದ “ಸುಳ್ಳು!” ಎಂದು ಕೂಗಿದರು. ಮುದುಕಿಯ ಬೆರಳು ಕೋಲಿನ ಮೇಲೆ ಬಿಗಿಯಾದದ್ದು ನಾನು ಕೂತಲ್ಲಿಗೇ ಕಂಡಿತು. ಡ್ಯಾನ್ಸ್ ಟೀಚರು ಎದ್ದು ಹೋಗಿ ತಮ್ಮ ಕ್ಯಾಸೆಟ್ಟನ್ನು ವೇದಿಕೆಯ ಅಂಚಿನಲ್ಲಿಟ್ಟರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು.

ಹಲ್ಲಿನ ಡಾಕ್ಟರು ಮೈಕು ಹಿಡಿದು ಅಣ್ಣನ ಹತ್ತಿರ ಬಂದರು. “ನಮ್ಮ ಕಿವಿರಾಯರು ಒಂದು ಪ್ರಶ್ನೆ ಕೇಳ್ತಾರೆ. ಉತ್ತರ ಕೊಡಿ ಅಮ್ಮ.”

ಅಣ್ಣ ಎದ್ದು ನಿಂತ. ಕೆನ್ನೆಯ ಒಂದು ಬದಿ ನುಣುಪು, ಇನ್ನೊಂದು ಬದಿ ಗಡ್ಡ. ಕಿವಿಯ ತುದಿ ಎಳೆದುಕೊಂಡ, ಗಂಟಲು ಸರಿಮಾಡಿಕೊಂಡ. ಅತ್ತಿಗೆ ನನ್ನ ಕೈ ಬಿಟ್ಟು ಸೀಟಿನ ತುದಿಗೆ ಬಂದರು.

“ಅಮ್ಮ,” ಎಂದ ಅಣ್ಣ. “ಈ ದನಿ ನಿಮ್ಮ ಹಳೇ ದನಿ ಅಲ್ಲ ಅಂತ ಊರಿಗೆಲ್ಲ ಹೇಳಿದ್ದು ನಾನು. ನೀವು ಈಗ ಮತ್ತೆ ಹಾಡಿ ಮೋಸ ಮಾಡಿದೀರಿ ಅಂದವನೂ ನಾನೇ.” ಅವನು ಡಾಕ್ಟರ ಕೈಯಿಂದ ಮೈಕು ತೆಗೆದುಕೊಂಡ. “ತಪ್ಪು ನಿಮ್ಮದಲ್ಲ. ನಮ್ಮ ಅಂಗಡಿ ಡೆಕ್ ಜೋರಾಗಿ ಓಡ್ತಿತ್ತು. ಈ ಊರು ಇಷ್ಟು ವರ್ಷ ಕೇಳಿದ್ದು ನಿಮ್ಮ ದನಿ ಅಲ್ಲ, ನಮ್ಮ ಡೆಕ್ಕಿನ ದನಿ. ಸ್ಕ್ರೂ ತಿರುಗಿಸಿದ್ದು ನಾನೇ.”

ನನ್ನ ಜೀವ ಮರಳಿ ಬಂತು. ಅಣ್ಣನ ಬಗ್ಗೆ ಹೆಮ್ಮೆಯಾಯಿತು, ಇದನ್ನು ನಾನು ಸುಲಭಕ್ಕೆ ಹೇಳುವವಳಲ್ಲ. ಹೆಂಡತಿಯ ತಪ್ಪನ್ನು ತನ್ನ ಮೇಲೆ ಎಳೆದುಕೊಂಡನಲ್ಲ, ಇದಕ್ಕಿಂತ ಇನ್ನೇನು ಬೇಕು ಎಂದುಕೊಳ್ಳುತ್ತಿದ್ದೆ.

“ಅಲ್ಲ,” ಎಂದಿತು ನನ್ನ ಪಕ್ಕದಲ್ಲಿ ಒಂದು ದನಿ.

ಅತ್ತಿಗೆ ಎದ್ದು ನಿಂತಿದ್ದರು. ಮೊದಲು ಯಾರಿಗೂ ಅವರು ಯಾರೆಂದು ತಿಳಿಯಲಿಲ್ಲ. ಅರ್ಧ ಊರಿಗೆ ಹಾಡು ತುಂಬಿಸಿಕೊಟ್ಟವರನ್ನು ಪರದೆಯ ಹೊರಗೆ ನೋಡಿದವರೇ ಕಡಿಮೆ.

“ಸ್ಕ್ರೂ ತಿರುಗಿಸಿದ್ದು ನಾನು,” ಎಂದರು. “ಕುರ್ಚಿ ಅವರದು, ಬೋರ್ಡು ಅವರದು, ಹೊಗಳಿಕೆನೂ ಅವರಿಗೇ ಸಿಕ್ತು. ನಾನು ಏನೂ ಕೇಳಲಿಲ್ಲ. ಇದೊಂದು ನಂದು. ಇದನ್ನ ಮಾತ್ರ ಕೊಡಲ್ಲ.”

ಅಣ್ಣ ಮೈಕು ಹಿಡಿದುಕೊಂಡೇ ನಿಂತಿದ್ದ.

“ಯಾಕೆ ತಿರುಗಿಸಿದಿರಿ?” ಎಂದು ಕೇಳಿದರು ಹಾಡುಗಾರ್ತಿ. ಒಡೆದ, ಒರಟಾದ ದನಿ. ಈ ಗಂಟಲಲ್ಲಿ ಯಾರೂ ಯಾವುದನ್ನೂ ಮತ್ತೆ ಹಾಡಲಾರರು ಎಂಬುದು ಆ ಎರಡು ಮಾತಿನಲ್ಲೇ ಎಲ್ಲರಿಗೂ ತಿಳಿಯಿತು.

“ಕೊನೇ ಹಾಡು ಕಡಿದುಹೋಗ್ತಿತ್ತು ಅಮ್ಮ. ಆ ಹಾಡಿಲ್ದೆ ಉಳಿದದ್ದು ಯಾಕೆ ಬೇಕು ಅನ್ನಿಸ್ತು.”

ಮುದುಕಿ ಕೋಲೂರಿ ಅತ್ತಿಗೆಯ ಕಡೆಗೆ ಬಾಗಿದರು. “ಅದು ಬೇಡ, ಉದ್ದ ಆಯ್ತು ಅಂತ ಕಂಪನಿಯವರು ಆವಾಗ್ಲೇ ಹೇಳಿದ್ರು,” ಎಂದರು. “ಹಟ ಮಾಡಿ ಉಳಿಸಿಕೊಂಡೆ. ಆಮೇಲೆ ಹೋದ ಹೋದ ಊರಲ್ಲೆಲ್ಲ ಆ ಹಾಡು ಅರ್ಧಕ್ಕೇ ನಿಲ್ತಿತ್ತು. ಜನ ಅದು ಹಾಗೇ ಇರೋದು ಅಂದ್ಕೊಂಡಿದ್ರು.” ಅವರು ಹಾಲಿನ ಕಡೆ ತಿರುಗಿದರು. “ಇಲ್ಲಿ ಎಷ್ಟು ಜನ ಅದನ್ನ ಪೂರ್ತಿ ಕೇಳಿದೀರಿ?”

ಮೊದಲು ಡ್ಯಾನ್ಸ್ ಟೀಚರು ಕೈ ಎತ್ತಿದರು. ಹಲ್ಲಿನ ಡಾಕ್ಟರು ಎತ್ತಿದರು. ಆಮೇಲೆ ಹಾಲಿನಲ್ಲಿ ಎತ್ತದ ಕೈಯೇ ಉಳಿಯಲಿಲ್ಲ, ಬಾಗಿಲಲ್ಲಿ ನಿಂತವರೂ ಎತ್ತಿದರು. ಹಾಡುಗಾರ್ತಿ ಕೋಲು ಬದಿಗಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಕಂಪನಿಯವನು ಗಾಬರಿಯಾಗಿ ನೀರಿನ ಲೋಟ ಹಿಡಿದು ಬಂದ. ಅವರು ಬೇಡವೆಂದು ತಲೆಯಾಡಿಸಿ, “ಅದನ್ನೇ ಹಾಕು,” ಎಂದರು.

“ಹಾಗಾದ್ರೆ ನಮ್ಮ ಮಕ್ಕಳು ಇಷ್ಟು ವರ್ಷ ಓಡೋಡಿ ಕುಣಿದ್ರಾ?” ಎಂದು ಡ್ಯಾನ್ಸ್ ಟೀಚರು ಗೊಣಗಿದ್ದು ಕೇಳಿ ಮುಂದಿನ ಸಾಲಿನವರು ನಕ್ಕರು. ನನಗೆ ಹಳೆಯದೇ ಇಷ್ಟ ಎಂದು ಯಾರೋ ಹೇಳಿದರು. ಹಳೆಯದು ಯಾವುದು ಎಂದು ಇನ್ನೊಬ್ಬರು ಕೇಳಿದರು. ಅಷ್ಟರಲ್ಲಿ ಹಾಡು ಶುರುವಾಯಿತು.

ಅಣ್ಣ ಸಾಲು ದಾಟಿ ಬಂದು ಅತ್ತಿಗೆಯ ಆಚೆ ಪಕ್ಕದವರು ಬಿಟ್ಟುಕೊಟ್ಟ ಸೀಟಿನಲ್ಲಿ ಕೂತ. ಅತ್ತಿಗೆ ಅವನ ಕಡೆ ತಿರುಗಲಿಲ್ಲ, ಕಣ್ಣು ಮುಚ್ಚಿದ್ದರು. ತಾವು ಅಷ್ಟು ಜತನದಿಂದ ಉಳಿಸಿದ ಹಾಡು ನಿಜವಾಗಿ ಎಷ್ಟು ನಿಧಾನ ಎಂಬುದನ್ನು ಅವರೂ ಮರೆತಿದ್ದರಲ್ಲ, ಪ್ರತಿ ಸಾಲಿಗೂ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಹಾಡಿನ ನಡುವೆ ಅಣ್ಣ ಸದಾ ‘ಈಗ ಬರುತ್ತೆ’ ಎನ್ನುತ್ತಿದ್ದ, ನಮ್ಮೆಲ್ಲರಿಗೂ ಬಾಯಿಪಾಠವಾದ ಜಾಗ ಹತ್ತಿರ ಬಂತು. ಅಣ್ಣ ಈಗ ಬಾಯಿ ಹಾಕುತ್ತಾನೆಂದು ನಾನು ಅತ್ತಿಗೆಯ ಬೆನ್ನ ಹಿಂದಿನಿಂದ ಅವನನ್ನು ತಿವಿಯಲು ಕೈ ಚಾಚಿದೆ. ಅವನು ತುಟಿ ಬಿಗಿಹಿಡಿದು, ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದ. ಹಾಡು ಮುಗಿಯುವವರೆಗೆ ಒಂದು ಮಾತೂ ಆಡಲಿಲ್ಲ.